ಸದರಿ ಗೊರಕೆಯ ಮಹಜರು

ಟಕ್, ಟಕ್, ಟಕ್.

ಮೂರೇ ಪೆಟ್ಟು, ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಹೊತ್ತಿಗೆ ಗುರುಮಲ್ಲಪ್ಪ ಹರಗೋಲಿನಿಂದ ಒಂದು ಕಾಲನ್ನು ಮರಳಿಗಿಟ್ಟು ಇನ್ನೊಂದನ್ನು ಎತ್ತಿದ್ದ. ಸದ್ದು ಕಿವಿಗೆ ಬಿದ್ದದ್ದೇ ತಡ, ಹರಗೋಲು, ಹೊಳೆ, ಬೆಳದಿಂಗಳು, ಮರಳದಿಬ್ಬದ ಮೇಲೆ ಯಾರೋ ಹಾಸಿಟ್ಟಿದ್ದ ಬಿಳಿಯ ಹಾಸಿಗೆ, ಎಲ್ಲವೂ ಅಂಗಡಿ ಮುಚ್ಚುವ ಹೊತ್ತಿನ ಸೀರೆಗಳಂತೆ ಮಡಚಿಕೊಂಡು ಮಾಯವಾದವು. ಎತ್ತಿದ ಕಾಲು ಚಾಪೆಯಾಚೆಯ ತಣ್ಣನೆಯ ನೆಲಕ್ಕೆ ಬಿತ್ತು.

ಎದ್ದು, ಪಂಚೆ ಬಿಗಿದುಕೊಂಡು, ಚಿಲಕ ತೆಗೆದ. ಹೊರಗೆ ಕಪಿಲೆಯ ಮಂಜು ಅಂಗಳದವರೆಗೆ ಬಂದು ನಿಂತಿತ್ತು. ಮಂಜಿನ ನಡುವೆ ಒಂದು ಮಫ್ಲರು. ಮಫ್ಲರಿನ ಒಳಗೆ ಮನೆಯ ಮಾಲೀಕರಾದ ರಾಚಯ್ಯನವರು. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಮೂರು ಸೆಲ್ಲಿನ ಟಾರ್ಚು. ಅವರು ಬೆಳಕನ್ನು ಗುರುಮಲ್ಲಪ್ಪನ ಗಲ್ಲದಿಂದ ಹಣೆಯವರೆಗೆ ನಿಧಾನವಾಗಿ ಹಾಯಿಸಿದರು, ಹಳೆಯ ಪತ್ರದ ರುಜುವನ್ನು ತಾಳೆ ನೋಡುವವರಂತೆ.

“ಎದ್ರಾ?”

“ಎದ್ದೆ ಸಾ.”

“ಸರಿ.”

ಅಷ್ಟೇ. ಟಾರ್ಚು ಆರಿತು. ಬೆತ್ತದ ಸದ್ದು ಪಕ್ಕದ ಮನೆಯ ಹೊಸ್ತಿಲನ್ನು ದಾಟಿತು, ಚಿಲಕ ಬಿತ್ತು, ವಠಾರ ಮತ್ತೆ ಮಂಜಿನಲ್ಲಿ ಮುಳುಗಿತು. ಗುರುಮಲ್ಲಪ್ಪ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ತಾನು ಎದ್ದಿರುವುದು ರಾಚಯ್ಯನವರಿಗೆ ಏಕೆ ಬೇಕಾಗಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆಯುವ ಮೊದಲೇ ನಿದ್ದೆ ಬಂತು.

ಮರುರಾತ್ರಿಯೂ ಅದೇ ಮೂರು ಪೆಟ್ಟು, ಅದೇ ಎರಡು ಮಾತು. ಮೂರನೆಯ ರಾತ್ರಿಯೂ ಅದೇ. ನಾಲ್ಕನೆಯ ರಾತ್ರಿ ಗುರುಮಲ್ಲಪ್ಪ ಮರ್ಯಾದೆಗಿರಲಿ ಎಂದು ಷರ್ಟು ತೊಟ್ಟೇ ಮಲಗಿದ.

ನಂಜನಗೂಡಿನಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿತ್ತು ಆ ವಠಾರ. ಒಂದೇ ನಾಡಹೆಂಚಿನ ಸೂರಿನಡಿ ಸಾಲಾಗಿ ಮೂರು ಮನೆ. ಕಟ್ಟಿಸಿದವರಿಗೆ ಇಟ್ಟಿಗೆ ಸಾಲದಾಯಿತೋ, ಗಾಳಿಯಾಡಲಿ ಎಂಬ ಉದಾರತೆಯೋ, ನಡುಗೋಡೆಗಳು ಆಳೆತ್ತರದ ಮೇಲೆ ಎರಡು ಮೊಳ ಏರಿ, ಇನ್ನು ಸಾಕು ಎಂಬಂತೆ ನಿಂತುಬಿಟ್ಟಿದ್ದವು. ಗೋಡೆಗೂ ಸೂರಿಗೂ ನಡುವಿನ ಜಾಗ ಮೂರು ಮನೆಗಳ ಜಂಟಿ ಖಾತೆ. ಒಗ್ಗರಣೆಯ ಘಮ, ರೇಡಿಯೋ ವಾರ್ತೆ, ಕೆಮ್ಮು, ಬೆಕ್ಕು, ಗಂಡಹೆಂಡಿರ ಮಾತು, ಎಲ್ಲಕ್ಕೂ ಅಲ್ಲಿ ಓಡಾಡುವ ಹಕ್ಕಿತ್ತು. ಯಾವ ಸದ್ದು ಯಾವ ಮನೆಯದೆಂದು ಹೇಳುವುದು, ಹೊಳೆಯ ನೀರಿನಲ್ಲಿ ಯಾವ ಬೊಗಸೆ ಯಾವ ಊರಿನ ಮಳೆಯದೆಂದು ಹೇಳಿದಷ್ಟೇ ಸುಲಭ.

ಮೊದಲ ಮನೆಯಲ್ಲಿ ಗುರುಮಲ್ಲಪ್ಪ. ತಾಂಡ್ಯದ ದಾರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತ. ಹೆಂಡತಿ ಚನ್ನಾಜಮ್ಮ ಮಗಳು ಶಿವಾನಿಯೊಡನೆ ಒಳಕೋಣೆಯಲ್ಲಿ ಮಲಗುತ್ತಿದ್ದಳು. ಪಡಸಾಲೆ ಅವನ ಪಾಲು. ಕೊನೆಯ ಮನೆಯಲ್ಲಿ ಬಸ್ ಕಂಡಕ್ಟರ್ ಸಿದ್ದರಾಜು, ಬಿಳಿಗೆರೆಯಿಂದ ನಂಜನಗೂಡಿನವರೆಗೆ ಟಿಕೆಟ್ ಹರಿಯುತ್ತಲೇ ನಿಂತು ನಿದ್ದೆ ಮಾಡಬಲ್ಲನೆಂದು ಡಿಪೋದಲ್ಲೆಲ್ಲ ಹೆಸರಾದವನು. ನಡುವಿನ ಮನೆಯಲ್ಲಿ ರಾಚಯ್ಯನವರು. ತಿರುಮಕೂಡಲು ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಮೇಲೆ, ಎರಡು ವರ್ಷದ ಹಿಂದೆ, ತಮ್ಮದೇ ವಠಾರಕ್ಕೆ ಬಂದು ನೆಲೆಸಿದ್ದರು. ಒಂಟಿ ಜೀವ. ಸರ್ಕಾರ ಅವರನ್ನು ಬಿಟ್ಟಿತ್ತೇ ಹೊರತು ಅವರು ಸರ್ಕಾರವನ್ನು ಬಿಟ್ಟಿರಲಿಲ್ಲ. ಹಾಲಿನವನಿಗೆ ನೀರು ಕಡಿಮೆ ಬೆರೆಸಬೇಕೆಂದು ಹೇಳುವುದಿದ್ದರೂ ಬರಹದಲ್ಲೇ ಹೇಳುತ್ತಿದ್ದರು.

ಎಂಟನೆಯ ದಿನ ಗುರುಮಲ್ಲಪ್ಪನಿಗೂ ಬರಹ ಬಂತು. ಮನೆ ನಂಬರ್ ಒಂದರ ಬಾಡಿಗೆದಾರರಾದ ತಾವು ಪ್ರತಿ ರಾತ್ರಿ ಗೊರಕೆ ಹೊಡೆದು ಸದರಿ ವಠಾರದ ಸಾರ್ವಜನಿಕ ನಿದ್ರೆಗೆ ಭಂಗ ತರುತ್ತಿರುವುದು ಕೆಳಗೆ ರುಜು ಮಾಡಿರುವವರ ಗಮನಕ್ಕೆ ಬಂದಿರುತ್ತದೆ. ಎಬ್ಬಿಸಿದ ಕೂಡಲೇ ಸದರಿ ಗೊರಕೆಯು ನಿಲ್ಲುತ್ತಿರುವುದು ದೃಢಪಟ್ಟಿರುತ್ತದೆ. ಬರುವ ಯುಗಾದಿಯೊಳಗೆ ಅದನ್ನು ಶಾಶ್ವತವಾಗಿ ನಿಲ್ಲಿಸತಕ್ಕದ್ದು, ತಪ್ಪಿದಲ್ಲಿ ಮನೆ ಖಾಲಿ ಮಾಡತಕ್ಕದ್ದು.

ಗುರುಮಲ್ಲಪ್ಪ ಅದನ್ನು ಎರಡು ಸಲ ಓದಿದ. ನಲವತ್ತಾರು ವರ್ಷ ಜೊತೆಗಿದ್ದ ತನ್ನ ಮೂಗು ಬೆನ್ನ ಹಿಂದೆ ಇಂಥ ಕೆಲಸ ಮಾಡುತ್ತಿದೆಯೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಕನಸಿನಲ್ಲಿ ಅವನಿಗೆ ಬೇರೆ ಕೆಲಸವಿತ್ತು.

“ನಾನು ಗೊರಕೆ ಹೊಡೀತೀನೇನೇ?” ಎಂದು ಹೆಂಡತಿಯನ್ನು ಕೇಳಿದ.

ಚನ್ನಾಜಮ್ಮ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. “ಎರಡು ವರ್ಷದಿಂದ ಸೂರಿನ ತುಂಬ ಅದೇ ಅಲ್ವ. ಗಂಡಸು ವಯಸ್ಸಿಗೆ ಬಂದ್ಮೇಲೆ ಹೊಡೀದೆ ಇರ್ತದಾ ಅಂತ ಸುಮ್ನಿದ್ದೆ ಕಣ್ರೀ.”

“ಎಬ್ಬಿಸಬಾರದಾಗಿತ್ತಾ?”

“ಎಬ್ಬಿಸಿದ್ರೆ ಏನು, ಕೆಲಸಕ್ಕೆ ಹೋಗ್ತಿದ್ರಾ?”

ಸಿದ್ದರಾಜುವನ್ನು ವಿಚಾರಿಸಿದಾಗ ಅವನೂ ತಲೆಯಾಡಿಸಿದ. ತನ್ನ ಮನೆಗೂ ಅದು ಬರುತ್ತದೆಂದೂ, ಗುರುಮಲ್ಲಪ್ಪನ ದಿಕ್ಕಿನಿಂದಲೇ ಬರುತ್ತದೆಂದೂ, ರಾಚಯ್ಯನವರ ಮನೆಯನ್ನು ದಾಟಿ ಬರುವಷ್ಟು ತ್ರಾಣವಿರುವ ಗೊರಕೆಯನ್ನು ತಾನು ಈ ತಾಲ್ಲೂಕಿನಲ್ಲಿ ಕೇಳಿಲ್ಲವೆಂದೂ ಮೆಚ್ಚುಗೆಯಿಂದ ಹೇಳಿದ.

ಓದುಗರು ಗುರುಮಲ್ಲಪ್ಪನ ಸಂಕಟವನ್ನು ಸರಿಯಾಗಿ ಅರಿಯಬೇಕಾದರೆ ಆ ಕನಸಿನ ವಿಚಾರ ತಿಳಿದಿರಬೇಕು. ಹನ್ನೊಂದು ವರ್ಷದ ಹಿಂದೆ ಆ ಮನೆಗೆ ಬಂದ ಮೊದಲ ರಾತ್ರಿಯೇ ಅದು ಅವನನ್ನು ಹುಡುಕಿಕೊಂಡು ಬಂದಿತ್ತು. ಹಿತ್ತಲ ಕಿಟಕಿಯಿಂದ ಹೊಳೆಯ ಸದ್ದು ಒಳಗೆ ಬಂದು, ಚಾಪೆಯನ್ನು ಮೆಲ್ಲಗೆ ಎತ್ತಿ, ಅದನ್ನೇ ಹರಗೋಲು ಮಾಡಿಕೊಂಡು ಹೊರಟುಬಿಡುತ್ತಿತ್ತು. ಕಪಿಲೆ ಅವನನ್ನು ಹೊತ್ತುಕೊಂಡು ಬಾಳೆತೋಟ, ಕಬ್ಬಿನ ಗದ್ದೆಗಳ ಮಗ್ಗುಲಲ್ಲಿ ಹರಿದು ತಿರುಮಕೂಡಲಿನ ಸಂಗಮಕ್ಕೆ ತರುತ್ತಿದ್ದಳು. ಅಲ್ಲಿ ಎರಡು ಹೊಳೆ ಕೂಡುವ ಮರಳಿನ ಮೇಲೆ ಹಾಸಿಗೆ ಹಾಸಿರುತ್ತಿತ್ತು. ಬಿಳಿಯ ದಿಂಬು. ಸೊಳ್ಳೆಪರದೆ. ಅದರಲ್ಲಿ ಮಲಗಬೇಕು, ಅಷ್ಟೇ ಅವನ ಆಸೆ. ಕನಸಿನಲ್ಲೂ ಆತನಿಗೆ ಬೇಕಿದ್ದುದು ನಿದ್ದೆಯೇ. ಹನ್ನೊಂದು ವರ್ಷ ಹರಗೋಲು ಬಲು ನಿಧಾನವಾಗಿ ಸಾಗಿ, ಈ ಮಾಘದಲ್ಲಿ ಕೊನೆಗೂ ದಡ ಮುಟ್ಟಿತ್ತು. ಒಂದೇ ಒಂದು ಹೆಜ್ಜೆ ಬಾಕಿ. ಆ ಹೆಜ್ಜೆಯ ಹೊತ್ತಿಗೇ ಈಗ ದಿನವೂ ಟಕ್, ಟಕ್, ಟಕ್.

ಮನೆ ಬಿಟ್ಟರೆ ಬೇರೆ ಮನೆ ಸಿಕ್ಕೀತು. ಆದರೆ ಆ ಹೊಸ ಮನೆಯ ಹಿತ್ತಲಲ್ಲಿ ಹೊಳೆ ಇದ್ದೀತೆ? ವಿಳಾಸ ಬದಲಾದದ್ದು ಕನಸಿಗೆ ತಿಳಿಯುವುದಾದರೂ ಹೇಗೆ? ಈ ಪ್ರಶ್ನೆಯನ್ನು ಅವನು ಯಾರಲ್ಲೂ ಕೇಳಲಾರ. ಹೆಂಡತಿಯಲ್ಲಂತೂ ಕೇಳಲೇ ಆರ.

ಇತ್ತ ರಾಚಯ್ಯನವರು ಕ್ರಮಬದ್ಧವಾಗಿ ಮುಂದುವರಿದರು. ತಕರಾರಿಗೆ ಮಹಜರು ಬೇಕು, ಮಹಜರಿಗೆ ಪಂಚರು ಬೇಕು. ಸಿದ್ದರಾಜುವನ್ನೂ ಓಣಿಯ ಮೂಲೆಯ ಹಿಟ್ಟಿನ ಗಿರಣಿಯ ಚನ್ನಯ್ಯನನ್ನೂ ಕರೆಸಿದರು. ಇಬ್ಬರೂ ಅನುಭವಸ್ಥ ಪಂಚರು. ನಮ್ಮ ಕಡೆಯ ಪದ್ಧತಿಯಂತೆ ಖಾಲಿ ಕಾಗದಕ್ಕೆ ಮೊದಲು ರುಜು ಮಾಡಿ, ಆಮೇಲೆ ಏನಾಗುತ್ತದೆಂದು ನೋಡಲು ಕುಳಿತರು. ರಾಚಯ್ಯನವರು ಪೆನ್ನಿನ ಮುಚ್ಚಳ ತೆಗೆದು, ಗಡಿಯಾರ ಎದುರಿಗಿಟ್ಟುಕೊಂಡು, ಕಣ್ಣೆವೆ ಮುಚ್ಚದೆ ಕಾದರು. ಹನ್ನೊಂದಾಯಿತು. ಒಂದಾಯಿತು. ಎರಡಾಯಿತು. ಸೂರಿನಡಿ ಹೊಳೆಯ ಸದ್ದಲ್ಲದೆ ಬೇರೇನೂ ಇಲ್ಲ. ಬೆಕ್ಕು ಸಹ ಆ ರಾತ್ರಿ ಗೋಡೆಯ ಮೇಲೆ ನಡೆಯಲು ಹಿಂಜರಿಯಿತು.

ಎರಡೂವರೆಗೆ ರಾಚಯ್ಯನವರು ರುಜುಗಳ ಮೇಲ್ಭಾಗದಲ್ಲಿ ಬರೆದರು: ಆರೋಪಿಯಾದ ಗುರುಮಲ್ಲಪ್ಪನು ಮಹಜರಿನ ಸುಳಿವು ಹಿಡಿದು, ದುರುದ್ದೇಶದಿಂದ, ಇಡೀ ರಾತ್ರಿ ಗೊರಕೆಯನ್ನು ತಡೆದುಕೊಂಡಿರುತ್ತಾನೆ.

ಈ ಸುದ್ದಿ ಬೆಳಗಾಗುವುದರೊಳಗೆ ಓಣಿಯನ್ನು ದಾಟಿ ತಾಂಡ್ಯದ ಫ್ಯಾಕ್ಟರಿ ಗೇಟಿಗೆ ಗುರುಮಲ್ಲಪ್ಪನಿಗಿಂತ ಮೊದಲೇ ತಲುಪಿತು. ಗೊರಕೆಯನ್ನು ಬೇಕೆಂದಾಗ ಬಿಡಬಲ್ಲ, ಬೇಡವೆಂದಾಗ ಹಿಡಿಯಬಲ್ಲ ಮನುಷ್ಯನನ್ನು ನೋಡಲು ಬೇರೆ ಸೆಕ್ಷನ್ನಿನವರೂ ಬಂದು ಹೋದರು. ಗುರುಮಲ್ಲಪ್ಪನಿಗೇ ತನ್ನ ಮೇಲೆ ಒಂದು ಬಗೆಯ ಗೌರವ ಮೂಡಿತು.

ವಿಷಯ ತಿಳಿದು ಅವನ ಭಾವಮೈದುನ ಅಮೃತೇಶ್ ಬಂದ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟವನು; ಲೋಕದಲ್ಲಿ ಹೊಸದಾಗಿ ಏನೇ ಬಂದರೂ ಅದು ಮೊದಲು ತನ್ನ ಅಂಗಡಿಯ ಮುಂದೆಯೇ ಇಳಿಯುತ್ತದೆಂದು ನಂಬಿದವನು.

“ಭಾವ, ಕಷಾಯ ಗಿಷಾಯ ಎಲ್ಲ ಹಳೇದಾಯ್ತು. ಈಗ ಮೂಗಿನೊಳಗೆ ಕ್ಯಾಮೆರಾ ಬಿಡ್ತಾರೆ. ಟೀವೀಲಿ ತೋರಿಸ್ತಾರೆ,” ಎಂದ.

ಗುರುಮಲ್ಲಪ್ಪನ ವಂಶದಲ್ಲಿ ಯಾರೂ ಟೀವಿಯಲ್ಲಿ ಬಂದಿರಲಿಲ್ಲ. ಆ ಮಂಗಳವಾರವೇ ಹೊರಟ.

ಡಾಕ್ಟರ್ ಮಧುಶ್ರೀ ಕಿವಿ, ಮೂಗು, ಗಂಟಲಿನ ಸರ್ಜನ್. ಮೈಸೂರಿನಿಂದ ಪ್ರತಿ ಮಂಗಳವಾರ ನಂಜನಗೂಡಿಗೆ ಬಂದು, ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಕಡ್ಡಿಯಂಥ ದುರ್ಬೀನನ್ನು ಗುರುಮಲ್ಲಪ್ಪನ ಮೂಗಿನೊಳಗೆ ತೂರಿಸಿದಾಗ ಪಕ್ಕದ ಪರದೆಯ ಮೇಲೆ ಒಂದು ಲೋಕ ತೆರೆದುಕೊಂಡಿತು. ಗುಲಾಬಿ ಬಣ್ಣದ ಗುಹೆ. ತೇವದ ಗೋಡೆಗಳು. ದೂರದಲ್ಲಿ ಮಂದ ಬೆಳಕು. ಗುರುಮಲ್ಲಪ್ಪ ಉಸಿರು ಬಿಗಿಹಿಡಿದು ನೋಡಿದ. ಈ ದಾರಿಯಲ್ಲಿ ಒಂದು ಹರಗೋಲು ಸಲೀಸಾಗಿ ಹೋದೀತು ಎನಿಸಿತು.

ಹೋಗದು ಎಂದರು ಡಾಕ್ಟರು. ಮೂಗಿಗೆ ಎರಡು ಕೋಣೆ, ಅವುಗಳಿಗೆ ಒಂದು ನಡುಗೋಡೆ. ಗುರುಮಲ್ಲಪ್ಪನ ನಡುಗೋಡೆ ಎಡಕ್ಕೆ ಸೊಟ್ಟಗಾಗಿ ಒಂದು ಕೋಣೆಯನ್ನು ಮುಕ್ಕಾಲು ಮುಚ್ಚಿದೆ. ಅವನು ಹದಿನೈದು ವರ್ಷದಿಂದ ಒಂದೇ ಹೊಳ್ಳೆಯಲ್ಲಿ ಉಸಿರಾಡುತ್ತಿರುವುದು, ತಿಂಗಳಿಗೆರಡು ಸಲ ತಲೆನೋವೆಂದು ಮಲಗುವುದು ಇದರಿಂದಲೇ. ಅದನ್ನು ಆಪರೇಷನ್ ಮಾಡಿ ನೆಟ್ಟಗೆ ಮಾಡಬಹುದು. ಆದರೆ ಗೊರಕೆಯ ಮಾತೇ ಬೇರೆ. ಗೊರಕೆ ಮೂಗಿನಿಂದಲೂ ಬಂದೀತು, ಕಿರುನಾಲಗೆಯಿಂದಲೂ ಬಂದೀತು, ಗಂಟಲಿನಿಂದಲೂ ಬಂದೀತು. ಈಗೀಗ ಲೇಸರಿನಲ್ಲಿ ಅಂಗುಳನ್ನು ಕತ್ತರಿಸಿ ಗೊರಕೆ ನಿಲ್ಲಿಸುತ್ತೇವೆಂದು ಬೋರ್ಡು ಹಾಕುವವರಿದ್ದಾರೆ. ಎಲ್ಲಿಂದ ಬರುತ್ತದೆಂದು ಗೊತ್ತಾಗದೆ ತಾನು ಕತ್ತಿ ಎತ್ತುವವಳಲ್ಲ.

“ನಿಮ್ಮ ಪಕ್ಕದಲ್ಲಿ ಮಲಗೋರು ಯಾರು?” ಎಂದು ಕೇಳಿದರು.

“ಯಾರೂ ಇಲ್ಲ ಮೇಡಂ. ನಾನು ಪಡಸಾಲೇಲಿ.”

“ಮತ್ತೆ ಗೊರಕೆ ನಿಮ್ಮದೇ ಅಂತ ಹೇಳಿದ್ದು?”

“ಮಹಜರಾಗದೆ ಮೇಡಂ,” ಎಂದ ಗುರುಮಲ್ಲಪ್ಪ.

ನಿದ್ದೆಯನ್ನು ಅಳೆಯುವ ಯಂತ್ರ ತಮ್ಮ ಹತ್ತಿರ ಇಲ್ಲವೆಂದೂ, ಗೊರಕೆಯನ್ನು ಒಂದು ರಾತ್ರಿ ಟೇಪ್ ಮಾಡಿ ತಂದರೆ ಕೇಳಿ ಹೇಳುವೆನೆಂದೂ ಡಾಕ್ಟರು ತಿಳಿಸಿದರು. ಟೇಪು ರೆಕಾರ್ಡರು ಕೊಡುವ ಹೊಣೆಯನ್ನು ಅಮೃತೇಶ್ ಹೊತ್ತ. ಹೊತ್ತವನು ಮದುವೆಯ ಕಾಲದ ವ್ಯಾಪಾರದಲ್ಲಿ ಮುಳುಗಿ ಮೂರು ವಾರ ಮೇಲೇಳಲಿಲ್ಲ. ಕೊನೆಗೆ ಅದು ಬಂದ ರಾತ್ರಿ ಗುರುಮಲ್ಲಪ್ಪ ಕತ್ತಲಲ್ಲಿ ಯಾವುದೋ ಗುಂಡಿ ಒತ್ತಿ ಮಲಗಿದ. ಹಿಂದಿನ ಗಿರಾಕಿ ಬಿಟ್ಟುಹೋಗಿದ್ದ ಹರಿಕಥೆಯೊಂದು ಮೃದಂಗ ಸಮೇತ ಮೂರು ಮನೆಗಳಲ್ಲೂ ಮೊಳಗಿತು. ಮರುದಿನವೇ ರಾಚಯ್ಯನವರ ಎರಡನೆಯ ನೋಟೀಸು ಬಂತು. ಯುಗಾದಿಗೆ ಹತ್ತೇ ದಿನ.

ಇನ್ನು ಕಾಯುವಂತಿರಲಿಲ್ಲ. ಗೊರಕೆಗೆ ಭರವಸೆ ಕೊಡುವುದಿಲ್ಲ, ಉಸಿರಾಟಕ್ಕೆ ಮತ್ತು ತಲೆನೋವಿಗೆ ಮಾತ್ರ ಮಾಡುತ್ತೇನೆ ಎಂದು ಡಾಕ್ಟರು ಮೂರು ಸಲ ಹೇಳಿದ ಮೇಲೂ ಗುರುಮಲ್ಲಪ್ಪ ಒಪ್ಪಿದ. ಭಾನುವಾರ ಮೈಸೂರಿನ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಎಂದಾಯಿತು.

ಅಷ್ಟರಲ್ಲಿ ಅವನ ಮೂಗು ಓಣಿಯ ಆಸ್ತಿಯಾಗಿತ್ತು. ತಾನು ಟೀವಿಯಲ್ಲಿ ಕಂಡ ಗುಹೆಯ ವರ್ಣನೆಯನ್ನು ಅವನು ಗಿರಣಿಯ ಮುಂದೆ, ಹಾಲಿನ ಡೈರಿಯ ಸಾಲಿನಲ್ಲಿ, ತಾಂಡ್ಯದ ಬಸ್ಸಿನಲ್ಲಿ ಮಾಡಿದ್ದ. ಪ್ರತಿಸಲವೂ ಗುಹೆ ತುಸು ಉದ್ದವಾಗಿತ್ತು. ಒಪ್ಪಿಗೆ ಪತ್ರಕ್ಕೆ ಸಾಕ್ಷಿಯಾಗಿ ರುಜು ಮಾಡಲು ಸ್ವತಃ ರಾಚಯ್ಯನವರೇ ಮೈಸೂರಿಗೆ ಬಂದರು. ಪತ್ರವನ್ನು ಓದಿ ಮುಖ ಸಿಂಡರಿಸಿದರು. ಯಾವ ಮೂಗು ಎಂಬುದಕ್ಕೆ ಅದರಲ್ಲಿ ಚಕ್ಕುಬಂದಿಯೇ ಇರಲಿಲ್ಲ. ನರ್ಸಮ್ಮ ಬೇಡವೆನ್ನುವಷ್ಟರಲ್ಲಿ ಅಂಚಿನಲ್ಲಿ ಬರೆದೇಬಿಟ್ಟರು: ಸದರಿ ಮೂಗಿಗೆ ಪೂರ್ವಕ್ಕೆ ಎಡಗೆನ್ನೆ, ಪಶ್ಚಿಮಕ್ಕೆ ಬಲಗೆನ್ನೆ, ಉತ್ತರಕ್ಕೆ ಹಣೆ, ದಕ್ಷಿಣಕ್ಕೆ ಮೀಸೆ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತವರು, ಕುಳಿತಲ್ಲೇ ಬೆತ್ತದ ಮೇಲೆ ಗಲ್ಲವೂರಿ ತೂಕಡಿಸಿದರು. ಪಾಪ, ಎಷ್ಟು ರಾತ್ರಿಯ ನಿದ್ದೆ ಬಾಕಿಯೋ ಎಂದು ಚನ್ನಾಜಮ್ಮ ನೊಂದುಕೊಂಡಳು.

ಗುರುಮಲ್ಲಪ್ಪನನ್ನು ಪೂರ್ತಿ ನಿದ್ದೆಗೆ ಕಳಿಸಲಿಲ್ಲ. ಮೂಗನ್ನು ಮರಗಟ್ಟಿಸಿ, ಮಂಪರು ಬರುವ ಚುಚ್ಚುಮದ್ದು ಕೊಟ್ಟರು. ದೀಪದ ದೊಡ್ಡ ವೃತ್ತ ಮೇಲೆ ಬಂದು ಚಂದ್ರನಾಯಿತು. ಮೇಜಿನ ಕೆಳಗೆ ನೀರು ಸೇರಿಕೊಂಡಿತು. ಹಸಿರು ನಿಲುವಂಗಿಯವರು ದಡದ ಮರಗಳಂತೆ ಹಿಂದೆ ಸರಿದರು. ಹರಗೋಲು ತಿರುಮಕೂಡಲಿನ ಮರಳನ್ನು ಮೆಲ್ಲಗೆ ತಾಗಿತು. ಸೊಳ್ಳೆಪರದೆ ಗಾಳಿಗೆ ಉಬ್ಬಿ ಇವನನ್ನು ಕರೆಯಿತು. ಒಂದು ಕಾಲು ಇಟ್ಟ. ಇನ್ನೊಂದನ್ನು ಎತ್ತಿದ.

ಮೂಗಿನ ಮೂಳೆಯ ಗಂಟನ್ನು ತೆಗೆಯಲು ಡಾಕ್ಟರು ಸಣ್ಣ ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಿದ್ದು ಸರಿಯಾಗಿ ಆಗಲೇ.

ಟಕ್, ಟಕ್, ಟಕ್.

“ಎದ್ದೆ ಸಾ, ಎದ್ದೆ,” ಎಂದು ಗುರುಮಲ್ಲಪ್ಪ ಮೇಜಿನಿಂದ ಎದ್ದು ಕೂರಲು ಹೊರಟ. ನಾಲ್ಕು ಜನ ಹಿಡಿದು ಮಲಗಿಸಬೇಕಾಯಿತು.

ಸೋಮವಾರ ಸಂಜೆಗೆ ಅವನು ಮನೆ ಸೇರಿದ. ಎರಡು ಹೊಳ್ಳೆಗೂ ಔಷಧದ ಬಟ್ಟೆ ತುಂಬಿ ಪಟ್ಟಿ ಹಾಕಿದ್ದರು. ಮರುದಿನ ನಂಜನಗೂಡಿನಲ್ಲೇ ತೆಗೆಯುವೆನೆಂದು ಡಾಕ್ಟರು ಹೇಳಿದ್ದರು. ಬಾಯಿಯಲ್ಲೇ ಉಸಿರು, ಅಂಗುಳು ಒಣಗಿ ಹಪ್ಪಳ. ಮಲಗಿದರೆ ಉಸಿರು ಕಟ್ಟಿದಂತಾಗುತ್ತಿತ್ತು. ಆದ್ದರಿಂದ ಗೋಡೆಗೆ ದಿಂಬು ಆನಿಸಿ, ಟೇಪು ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು, ರಾತ್ರಿಯಿಡೀ ಗೂಬೆಯಂತೆ ಎದ್ದು ಕುಳಿತ. ಈ ಸಲ ಸರಿಯಾದ ಗುಂಡಿಗೆ ಶಿವಾನಿ ಕುಂಕುಮ ಹಚ್ಚಿ ಗುರುತು ಮಾಡಿಕೊಟ್ಟಿದ್ದಳು.

ಹೊಳೆಯ ಸದ್ದು ಬಂತು. ಮಂಜು ಬಂತು. ಒಂದು ಗಂಟೆಯ ಸುಮಾರಿಗೆ, ಸೂರಿನ ಕತ್ತಲಿನೊಳಗಿಂದ, ಗೊರಕೆಯೂ ಬಂತು.

ಗುರುಮಲ್ಲಪ್ಪ ಬೆಚ್ಚಿಬಿದ್ದ. ಜೀವನದಲ್ಲಿ ಮೊದಲ ಬಾರಿಗೆ ಅವನು ತನ್ನ ಗೊರಕೆಯನ್ನು ಕೇಳುತ್ತಿದ್ದ. ಕಣ್ಣು ತೆರೆದು ನೋಡಿಕೊಂಡ. ಕಣ್ಣು ತೆರೆದೇ ಇತ್ತು. ಮೂಗು ಮುಟ್ಟಿಕೊಂಡ, ಬಟ್ಟೆ ಗಟ್ಟಿಯಾಗಿತ್ತು. ಆದರೂ ಗೊರಕೆ ಮಾತ್ರ ಎಂದಿನ ವೇಳೆಗೆ ಎಂದಿನ ಜಾಗಕ್ಕೆ ಹಾಜರಾಗಿದೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಅನುಮಾನ ಪಡುತ್ತಿದ್ದರು. ಗುರುಮಲ್ಲಪ್ಪನಿಗೆ ಬಂದದ್ದು ಕರುಣೆ. ಎರಡು ವರ್ಷ ಒಂದೇ ಮೂಗಿನಲ್ಲಿದ್ದುಕೊಂಡು ಅಭ್ಯಾಸವಾಗಿದೆ. ಈಗ ಬಾಗಿಲು ಮುಚ್ಚಿರುವುದರಿಂದ ಹೊರಗೇ ಸುಳಿದಾಡುತ್ತಿದೆ, ಪಾಪ.

ಒಳಕೋಣೆಯ ಬಾಗಿಲಲ್ಲಿ ಚನ್ನಾಜಮ್ಮ ಕಾಣಿಸಿಕೊಂಡಳು. “ಅಷ್ಟೆಲ್ಲ ಕುಯ್ಸಿಕೊಂಡ್ರೂ ನಿಲ್ಲಲಿಲ್ವಲ್ರೀ,” ಎಂದು ನಿದ್ದೆಗಣ್ಣಿನಲ್ಲೇ ಮರುಗಿ ಹಿಂದಿರುಗಿದಳು.

ಗುರುಮಲ್ಲಪ್ಪ ರಾಗಿ ಡ್ರಮ್ಮಿನ ಮೇಲೆ ಹತ್ತಿದ. ಕುಂಕುಮದ ಗುಂಡಿ ಒತ್ತಿ, ಟೇಪು ರೆಕಾರ್ಡರನ್ನು ನಡುಗೋಡೆಯ ತಲೆಯ ಮೇಲಿಟ್ಟ. ಕತ್ತಲಲ್ಲಿ ಕೆಂಪು ದೀಪದ ಚುಕ್ಕಿ ಹೊಳೆಯಿತು. ಗೊರಕೆ ಏರಿತು, ಇಳಿಯಿತು, ನಿಂತಿತು. ಮತ್ತೆ ಎಲ್ಲಿಂದಲೋ ದಮ್ಮು ಕಟ್ಟಿಕೊಂಡು ಬಂತು. ಅವನು ಡ್ರಮ್ಮಿನ ಮೇಲೆ ಕೈಕಟ್ಟಿ ನಿಂತು, ಮಗನ ಪಾಠ ಕೇಳುವ ತಂದೆಯಂತೆ ಆಲಿಸಿದ. ಕಾಲು ಗಂಟೆ ಕಳೆದಿರಬೇಕು, ಸದ್ದು ನಿಂತಿತು. ಯಂತ್ರವನ್ನು ಅಲ್ಲೇ ಬಿಟ್ಟು, ಒಣಗಿದ ಬಾಯಿಗೆ ನೀರು ಹುಯ್ದುಕೊಳ್ಳಲು ಅವನು ಅಡುಗೆಮನೆಗೆ ಹೋದ. ಸ್ವಲ್ಪ ಹೊತ್ತಿನಲ್ಲೇ ಬಾಗಿಲು ಬಡಿಯಿತು. ಮೂರೇ ಪೆಟ್ಟು.

“ಎದ್ರಾ?” ಎಂದರು ರಾಚಯ್ಯನವರು, ಟಾರ್ಚಿನ ಬೆಳಕನ್ನು ಪಟ್ಟಿಯ ಮೇಲೆ ಹಾಯಿಸುತ್ತ.

“ಮಲಗೇ ಇಲ್ಲ ಸಾ.”

ಮೂಗು ಕುಯ್ಸಿಕೊಂಡ ಮೇಲೂ ಸುಳ್ಳು ಹೇಳುವವನ ಜೊತೆ ಮಾತೇನು ಎಂಬಂತೆ ರಾಚಯ್ಯನವರು ಬೆತ್ತ ತಿರುಗಿಸಿದರು.

ಮಂಗಳವಾರ ಬೆಳಿಗ್ಗೆ ಔಷಧದಂಗಡಿಯ ಹಿಂದಿನ ಕೋಣೆ ಕಿಕ್ಕಿರಿಯಿತು. ಗುರುಮಲ್ಲಪ್ಪ, ಚನ್ನಾಜಮ್ಮ, ತನ್ನ ಯಂತ್ರದ ಯೋಗಕ್ಷೇಮಕ್ಕಾಗಿ ಬಂದ ಅಮೃತೇಶ್, ಪಂಚನಾಗಿ ಸಿದ್ದರಾಜು. ಎಲ್ಲರಿಗಿಂತ ಮುಂದೆ, ಫೈಲು ಹಿಡಿದು, ರಾಚಯ್ಯನವರು. ಮೂಗಿನ ಬಟ್ಟೆ ತೆಗೆದ ಕೂಡಲೇ ಗುರುಮಲ್ಲಪ್ಪನ ಕಣ್ಣಲ್ಲಿ ನೀರು ಬಂತು. ಎರಡೂ ಹೊಳ್ಳೆಯಲ್ಲಿ ಗಾಳಿ ಹೊಳೆಯಂತೆ ನುಗ್ಗಿತು. ಆ ಸುಖವನ್ನು ಅನುಭವಿಸಲು ರಾಚಯ್ಯನವರು ಬಿಡಲಿಲ್ಲ. ಆಪರೇಷನ್ ವಿಫಲವಾಗಿದೆಯೆಂದೂ, ಯುಗಾದಿಗೆ ಉಳಿದಿರುವುದು ನಾಲ್ಕು ದಿನವೆಂದೂ ಸಭೆಗೆ ತಿಳಿಸಿದರು.

“ಇವರಿಂದ ನನಗೆ ಹಗಲೆಲ್ಲ ತೂಕಡಿಕೆ ಡಾಕ್ಟ್ರೇ. ಪೇಪರ್ ಓದೋಕೆ ಕೂತ್ರೆ ಪೇಪರ್ ಮೇಲೇ ಬೀಳ್ತೀನಿ. ಬೆಳಿಗ್ಗೆ ಏಳ್ತಾನೇ ತಲೆ ಸಿಡೀತದೆ. ಈ ವಯಸ್ಸಿನಲ್ಲಿ ಇದು ನ್ಯಾಯವಾ?”

ಡಾಕ್ಟರು ಅವರ ದಪ್ಪ ಕತ್ತಿನ ಕಡೆ ಒಮ್ಮೆ ನೋಡಿ, ಟೇಪು ಹಾಕಲು ಹೇಳಿದರು.

ಗೊರಕೆ ಕೋಣೆಯನ್ನು ತುಂಬಿತು. ಔಷಧದಂಗಡಿಯ ಗಿರಾಕಿಗಳು ಪರದೆ ಸರಿಸಿ ಇಣುಕಿದರು.

“ಅದೇ ಸಾ, ಅದೇ,” ಎಂದ ಸಿದ್ದರಾಜು. “ನಮ್ ಡಿಪೋ ಬಸ್ಸು ಬೆಟ್ಟ ಅತ್ತೋ ಅಂಗೇ ಇಲ್ವಾ?”

ರಾಚಯ್ಯನವರ ಮುಖದಲ್ಲಿ ಎರಡು ವರ್ಷದ ಮೇಲೆ ನಗೆ ಮೂಡಿತು. ಡಾಕ್ಟರ ಮುಖದಲ್ಲಿದ್ದ ನಗೆ ಮಾತ್ರ ಮಾಯವಾಯಿತು. ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡಿದ್ದರು. ಗೊರಕೆ ನಿಂತಾಗಲೆಲ್ಲ ಮುಳ್ಳನ್ನೇ ನೋಡುತ್ತಿದ್ದರು. ಹದಿನೈದು ಸೆಕೆಂಡು. ಇಪ್ಪತ್ತೆರಡು. ಮೂವತ್ತು. ಕೋಣೆಯಲ್ಲಿದ್ದವರೂ ತಮಗರಿವಿಲ್ಲದೆ ಉಸಿರು ಹಿಡಿದರು. ಆಮೇಲೆ ಮುಳುಗಿದವನು ನೀರಿನಿಂದ ಮೇಲೆ ಬಂದಂತೆ ಒಂದು ಏದುಸಿರು.

“ಇದು ನಗೋ ವಿಷಯ ಅಲ್ಲ,” ಎಂದರು ಡಾಕ್ಟರು. “ಈ ಮನುಷ್ಯನಿಗೆ ನಿದ್ದೇಲಿ ಉಸಿರು ನಿಲ್ತಿದೆ. ಹೀಗೇ ಬಿಟ್ರೆ ಒಂದು ದಿನ ಜೀವಕ್ಕೇ ಬರುತ್ತೆ. ಗುರುಮಲ್ಲಪ್ಪನವರೇ, ಇದು ರೆಕಾರ್ಡ್ ಆಗೋವಾಗ ನೀವು ಎಲ್ಲಿದ್ರಿ?”

“ಡ್ರಮ್ಮಿನ ಮೇಲೆ ನಿಂತಿದ್ದೆ ಮೇಡಂ.”

“ಎಚ್ಚರವಾಗಿ?”

“ಹೂಂ ಮೇಡಂ. ಗೊರಕೆ ಅದರ ಪಾಡಿಗೆ ಬರ್ತಿತ್ತು.”

ಚನ್ನಾಜಮ್ಮ ಗಂಡನನ್ನು ನೋಡಿದಳು; ಹಾಗೆ ನೋಡಿ ಬಹಳ ವರ್ಷವಾಗಿತ್ತು. ಸಿದ್ದರಾಜು ಥಟ್ಟನೆ ತನ್ನ ಮೂಗನ್ನು ಮುಟ್ಟಿಕೊಂಡ. ತಾನು ಬಸ್ಸಿನಲ್ಲಿ ನಿಂತು ನಿದ್ದೆ ಮಾಡುವುದು ನಿಜ, ಆದರೆ ಗೊರಕೆಯ ಬಗ್ಗೆ ಪ್ಯಾಸೆಂಜರುಗಳಿಂದ ಈವರೆಗೆ ಒಂದೂ ದೂರು ಬಂದಿಲ್ಲವೆಂದು ಯಾರೂ ಕೇಳದೆಯೇ ಹೇಳಿಕೊಂಡ. ಹಾಗಾದರೆ ಚನ್ನಾಜಮ್ಮನದೇ ಇರಬಹುದೆಂದು ಅವನು ಸೂಚಿಸಿದಾಗ, ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ರೀತಿಯಿಂದಲೇ ಆ ಸೂಚನೆ ಬಿದ್ದುಹೋಯಿತು.

ರಾಚಯ್ಯನವರು ಫೈಲಿನಿಂದ ಮಹಜರನ್ನು ತೆಗೆದು ಮೇಜಿನ ಮೇಲೆ ಹರಡಿದರು. “ಯಾರೇ ಆಗ್ಲಿ, ಹೆಸರು ದಾಖಲಾಗ್ಬೇಕು. ದಾಖಲೆ ಅಂದ್ರೆ ದಾಖಲೆ. ಮುಖ ನೋಡೋ ಪ್ರಶ್ನೆ ಇಲ್ಲ.”

ಟೇಪು ತಿರುಗುತ್ತಲೇ ಇತ್ತು. ಗೊರಕೆ ಕೊನೆಯ ಏರು ಹತ್ತಿ, ಗಂಟಲಲ್ಲಿ ಸಿಕ್ಕಿ, ನಿಂತಿತು. ದೀರ್ಘ ಮೌನ. ಉಸಿರಿನ ಒಂದು ಸ್ಫೋಟ, ಕೆಮ್ಮು, ಮಂಚದ ಕಿರುಗುಟ್ಟುವಿಕೆ. ಆಮೇಲೆ, ನಡುಗೋಡೆಗೆ ತೀರ ಹತ್ತಿರದಿಂದ, ನಿದ್ದೆ ಕೆಟ್ಟ ಒಂದು ದನಿ: “ಶಿವ ಶಿವಾ. ಈ ಗುರುಮಲ್ಲಪ್ಪಂದು ಇವತ್ತೂ ಶುರುವಾಯ್ತಾ.” ಟಾರ್ಚಿನ ಗುಂಡಿಯ ಸದ್ದು. ಬೆತ್ತ ನೆಲಕ್ಕೆ ಊರಿದ ಸದ್ದು. ಚಿಲಕ. ದೂರವಾಗುವ ಹೆಜ್ಜೆ. ಮತ್ತೆ, ಗೋಡೆಯ ಈಚೆಯಿಂದ, ಮೂರು ಪೆಟ್ಟು.

ಟಕ್, ಟಕ್, ಟಕ್.

ಕೋಣೆಯಲ್ಲಿ ಯಾರೂ ಯಾರನ್ನೂ ನೋಡಲಿಲ್ಲ. ಅಮೃತೇಶ್ ಮೆಲ್ಲಗೆ ಗುಂಡಿ ಒತ್ತಿ ಟೇಪು ನಿಲ್ಲಿಸಿದ. ಡಾಕ್ಟರು ತಗ್ಗಿದ ದನಿಯಲ್ಲಿ, ಉಸಿರು ಕಟ್ಟಿದಾಗ ತನ್ನ ಗೊರಕೆಗೆ ತಾನೇ ಎಚ್ಚರಾಗುವುದು ಈ ಕಾಯಿಲೆಯ ಲಕ್ಷಣವೆಂದೂ, ಎದ್ದವನಿಗೆ ಸದ್ದು ಹೊರಗಿನಿಂದ ಬಂದಂತೆಯೇ ಅನಿಸುತ್ತದೆಂದೂ, ಇದು ಅಪರಾಧವಲ್ಲ, ಸಮಯಕ್ಕೆ ಸಿಕ್ಕಿದ್ದೇ ಪುಣ್ಯವೆಂದೂ ಹೇಳಿದರು. ನಾಳೆಯೇ ಮೈಸೂರಿಗೆ ಬರಬೇಕು ಎಂದರು. ಯಾರಿಗೆ ಹೇಳುತ್ತಿದ್ದಾರೆಂದು ಅವರು ಹೇಳಲಿಲ್ಲ.

ಗುರುಮಲ್ಲಪ್ಪ ಎರಡು ಹೊಳ್ಳೆಯಲ್ಲೂ ಉಸಿರೆಳೆದ. ದೂರದಿಂದ ಹೊಳೆಯ ತೇವದ ವಾಸನೆ ಬಂತು. ಇಂದು ರಾತ್ರಿ ಯಾರೂ ಬಾಗಿಲು ಬಡಿಯರು. ಎತ್ತಿದ ಕಾಲನ್ನು ಮರಳಿಗಿಡಬಹುದು. ಆದರೆ ಮೂವತ್ತು ಸೆಕೆಂಡಿನ ಆ ಮೌನ ನೆನಪಾಯಿತು. ಮೈಸೂರಿಗೆ ತಾನೇ ಜೊತೆಗೆ ಬರುವುದಾಗಿ ಹೇಳಿದ. “ಇವತ್ತೊಂದ್ರಾತ್ರಿ ನಾನೇ ಎದ್ದಿರ್ತೀನಿ ಸಾ. ಸದ್ದು ನಿಂತ್ರೆ ನಾನೇ ಬಂದು ಬಾಗಿಲು ಬಡೀತೀನಿ.”

ರಾಚಯ್ಯನವರು ಮಹಜರನ್ನು ತಮ್ಮ ಎದುರಿಗೆ ಎಳೆದುಕೊಂಡರು. ಮೂವತ್ತಮೂರು ವರ್ಷದ ನೌಕರಿಯಲ್ಲಿ ಅವರು ತಪ್ಪು ದಾಖಲೆಯನ್ನು ಹಾಗೇ ಬಿಟ್ಟವರಲ್ಲ. ಪೆನ್ನಿನ ಮುಚ್ಚಳ ತೆಗೆದರು. ಆರೋಪಿಯ ಹೆಸರಿದ್ದ ಕಡೆ ಗುರುಮಲ್ಲಪ್ಪ ಎಂಬುದರ ಮೇಲೆ ನೇರವಾದ ಒಂದು ಗೆರೆ ಎಳೆದರು. ತಿದ್ದುಪಡಿಗೆ ಅಂಚಿನಲ್ಲಿ ಕಿರುರುಜು ಹಾಕಿದರು. ಕೆಳಗೆ, ದುಂಡನೆಯ ಅಕ್ಷರದಲ್ಲಿ, ಬರೆದರು:

ರಾಚಯ್ಯ ಬಿನ್ ಲೇಟ್ ಗುರುಶಾಂತಯ್ಯ, ನಿವೃತ್ತ ಶಿರಸ್ತೇದಾರ್.